ಬೇರೆ ಕಂಪನಿಯ ಚಾರ್ಜರ್

ಇದು 2007ರ ಮಾತು. ಆಗ ನಾನು ಮಹಾರಾಷ್ಟ್ರದ ಜತ್ತದ ಹತ್ತಿರದ ಒಂದು ಕನ್ನಡ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಮೊದಲೇ ಹೇಳಿಬಿಡುತ್ತೇನೆ, ನಾನು ಭಾರಿ ಅನುಮಾನದ ಮನುಷ್ಯ. ಬೀಗ ಹಾಕಿದರೆ ಮೂರು ಸಲ ಜಗ್ಗಿ ನೋಡುತ್ತೇನೆ. ಹಾಲಿನವಳು ಹಾಲು ಅಳೆಯುವಾಗ ಎದುರಿಗೇ ನಿಲ್ಲುತ್ತೇನೆ.

ಹಿಂದಿನ ವರ್ಷ ಹತ್ತನೆಯ ತರಗತಿಯ ಪ್ರಿಲಿಮ್ ಪರೀಕ್ಷೆಯ ಪೇಪರ್ ಮೊದಲೇ ಹೊರಗೆ ಹೋಗಿ, ನಾನು ಎಲ್ಲರಿಂದ ಬೈಸಿಕೊಂಡಿದ್ದೆ. ಅದಕ್ಕೇ ಈ ಸಲ ನಾನೇ ಟೈಪ್ ಮಾಡಲು ಕುಳಿತೆ. ಪೇಟೆಯ ಟೈಪಿಂಗ್ ಅಂಗಡಿಗಳಲ್ಲಿ ಮರಾಠಿ ಮಾತ್ರ; ಸೊಲ್ಲಾಪುರದಿಂದ ತಂದ ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಕನ್ನಡ ಬರುತ್ತಿತ್ತು. ಸೋಮವಾರ ಪರೀಕ್ಷೆ. ಶನಿವಾರ ಮಧ್ಯಾಹ್ನ ವೋಲ್ಟೇಜ್ ಏರಿ ಚಾರ್ಜರ್ ಸುಟ್ಟುಹೋಯಿತು. ಕಂಪನಿಯದೇ ಬೇಕೆಂದರೆ ಪುಣೆಯಿಂದ ಬರಲು ಎಂಟು ದಿನ ಎಂದರು.

ಯಾರೋ ಹೇಳಿದರೆಂದು ದಸ್ತಗೀರ ಚಾಚಾ ಅವರ ಅಂಗಡಿಗೆ ಹೋದೆ. ರೇಡಿಯೋ, ಮಿಕ್ಸರ್ ರಿಪೇರಿ ಮಾಡುವವರು. ಸುಟ್ಟ ಚಾರ್ಜರಿನ ಮೇಲಿನ ಸಣ್ಣ ಅಕ್ಷರಗಳನ್ನು ಭೂತಗನ್ನಡಿಯಲ್ಲಿ ಓದಿ, ಇನ್ನೊಂದನ್ನು ತೆಗೆದರು.

"ಕಂಪನಿ ಬ್ಯಾರೆ ಐತ್ರಿ. ವೋಲ್ಟೇಜ್ ಎರಡರದೂ ಒಂದ, ಪಿನ್ನೂ ಕುಂದರತೈತಿ. ಹಚ್ಚಿ ನೋಡ್ರಿ."

ಹಚ್ಚಿದೆ. ಪರದೆ ಬೆಳಗಿತು. ಆದರೆ ಈ ಚಾರ್ಜರಿನ ಗುರುತು ಸಿಗುತ್ತಿಲ್ಲ, ಬ್ಯಾಟರಿ ಚಾರ್ಜ್ ಆಗುವುದಿಲ್ಲ ಎಂಬ ಇಂಗ್ಲಿಷ್ ಸಾಲು ಬಂತು. ನನ್ನ ತಲೆ ಕೆಟ್ಟಿತು.

"ಚಾಚಾ, ಡುಪ್ಲಿಕೇಟ್ ಮಾಲು ನನ್ನ ಕೊರಳಿಗೆ ಕಟ್ಟಾಕ ನೋಡ್ತೀರೇನು?"

ಅವರು ನಕ್ಕರು. "ಈ ಮಷೀನಿಗೂ ಸಂಶೇ ಭಾಳ ಸರ. ಬ್ಯಾರೇದವರು ನೀಡಿದ್ದು ಉಣ್ಣತೈತಿ, ಆದ್ರ ಬುತ್ತಿ ಕಟ್ಕೊಳ್ಳಂಗಿಲ್ಲ. ಕರೆಂಟ್ ಇರೂತನಕ ನಡೀತೈತಿ, ಬ್ಯಾಟ್ರಿ ಅಷ್ಟ ತುಂಬಂಗಿಲ್ಲ. ಈಗ ನಿಮ್ಮ ಮನ್ಯಾಗ ಲೋಡ್ ಶೆಡ್ಡಿಂಗ್ ಇರತೈತಿ. ಇಲ್ಲೇ ಕುಂತು ಬರೀರಿ, ನನ್ನ ಕಡೆ ಇನ್ವರ್ಟರ್ ಐತಿ."

ಈ ಮನುಷ್ಯನಿಗೆ ಇಷ್ಟೇಕೆ ಉತ್ಸಾಹ? ಆದರೆ ಬೇರೆ ದಾರಿ ಇರಲಿಲ್ಲ. ಸ್ಟೂಲನ್ನು ಮೂಲೆಗೆ ಎಳೆದು, ಗೋಡೆಗೆ ಬೆನ್ನು ಕೊಟ್ಟು, ತಲೆಯೂ ಪರದೆಯೂ ಮುಚ್ಚುವ ಹಾಗೆ ಹೆಗಲಿನ ಟವೆಲ್ ಹೊದ್ದು ಟೈಪ್ ಮಾಡತೊಡಗಿದೆ. ಚಾಚಾ ತಮ್ಮ ಸ್ಟೂಲು ತಿರುಗಿಸಿ, ಎದುರಿನ ಗೋಡೆಗೆ ಮುಖ ಮಾಡಿ ಒಂದು ರೇಡಿಯೋ ಬಿಚ್ಚಿಕೊಂಡು ಕುಳಿತರು.

ಯಾರೋ ಮಿಕ್ಸರ್ ತಂದರು. "ಈಗ ಆಗಂಗಿಲ್ಲ, ಸಂಜೀಕ ಬರ್ರಿ" ಎಂದು ಚಾಚಾ ಹೊಸ್ತಿಲಲ್ಲೇ ಕಳಿಸಿದರು. ಬಂದ ಗಿರಾಕಿಯನ್ನು ಯಾರಾದರೂ ಓಡಿಸುತ್ತಾರೆಯೇ? ಪೇಪರ್ ಉಳಿಸಲು ತಂದಿದ್ದ ಪೆನ್ ಡ್ರೈವನ್ನು ನಾನು ಒಳಜೇಬಿಗೆ ಸೇರಿಸಿದೆ. ಆಮೇಲೆ ಯಾವುದೋ ಹುಡುಗಿ ಅಪ್ಪನನ್ನು ಕರೆದು "ಅಬ್ಬಾ, ಊಟದ ಡಬ್ಬಿ" ಎಂದದ್ದು ಟವೆಲ್ಲಿನೊಳಗೆ ಕೇಳಿಸಿತು. "ಒಳಗ ಬರಬ್ಯಾಡ! ಅಲ್ಲೇ ಇಟ್ಟು ಮನಿಗೆ ನಡಿ" ಎಂದು ಗದರಿದರು. ಹೆತ್ತ ಮಗಳಿಗೇ ಹೀಗೆ ಮಾಡುವವರು ನನ್ನನ್ನು ಬಿಟ್ಟಾರೆಯೇ ಎಂದುಕೊಂಡೆ. ಎರಡು ತಾಸಿನಲ್ಲಿ ಪೇಪರ್ ಮುಗಿಯಿತು. ಲ್ಯಾಪ್‌ಟಾಪನ್ನು ಅವರು ಮುಟ್ಟಿಯೇ ಇರಲಿಲ್ಲ. ಆದರೂ ಅದರ ಅಡಿಯ ಸ್ಕ್ರೂಗಳನ್ನು ನೋಡಿಕೊಂಡೇ ಎದ್ದೆ.

ಸೋಮವಾರ ಶಾಲೆಯ ಗೇಟಿನಲ್ಲಿ ಒಂದು ಲೂನಾ ನಿಂತಿತು. ಚಾಚಾ! ಹಿಂದಿನ ಸೀಟಿನಿಂದ ಇಳಿದವಳು ನನ್ನ ಹತ್ತನೆಯ ತರಗತಿಯ ಶಬಾನಾ. ನಾನು ಗೇಟಿಗೆ ಓಡಿದೆ.

"ಚಾಚಾ, ನಾನು ಯಾರಂತ ಅವತ್ತ ಗೊತ್ತಿತ್ತೇನು?"

"ಪಾಲಕರ ಸಭಾದಾಗ ನೋಡಿದ್ನಲ್ರಿ. ಪರೀಕ್ಷಾ ಎರಡ ದಿನ ಇದ್ದಾಗ ಮಾಸ್ತರ್ರು ಟವೆಲ್ ಹೊಚ್ಕೊಂಡು ಬರದ್ರ, ಮತ್ತೇನು ಬರೀತಾರ?"

"ಮತ್ತ ಮಗಳು ನನ್ನ ಕ್ಲಾಸಿನ್ಯಾಗ ಅದಾಳಂತ ಯಾಕ ಹೇಳಲಿಲ್ಲ?"

"ಹೇಳಿದ್ರ ನೀವು ಎದ್ದು ಹೋಗತಿದ್ರಿ. ಪೇಪರ್ ಮುಗೀತಿದ್ದಿಲ್ಲ. ಪಾಪ, ಹುಡುಗೂರು ಓದ್ಕೊಂಡು ಕುಂತಿದ್ವು."

ಇಷ್ಟು ಹೇಳಿ ಲೂನಾ ತಿರುಗಿಸಿಕೊಂಡು ಹೋದರು. ಮಿಕ್ಸರ್ ತಂದವರನ್ನೂ ಮಗಳನ್ನೂ ಅವರು ಹೊಸ್ತಿಲಲ್ಲೇ ತಿರುಗಿಸಿದ್ದು ಏಕೆಂದು ನನಗೆ ಆಗ ಹೊಳೆಯಿತು.

ಆ ದಿನ ಪರೀಕ್ಷೆಯ ಕೋಣೆಯಲ್ಲಿ ನನ್ನದೇ ಮೇಲ್ವಿಚಾರಣೆ. ಕೊನೆಯ ಪ್ರಶ್ನೆಗೆ ಉತ್ತರ ಬಾರದೆ ಶಬಾನಾ ಬಹಳ ಹೊತ್ತು ಪೆನ್ನು ಕಚ್ಚುತ್ತ ಕುಳಿತಿದ್ದಳು. ಆ ಪ್ರಶ್ನೆಯನ್ನು ನಾನು ಅವಳ ಅಪ್ಪನ ಬೆನ್ನ ಹಿಂದೆ, ನಾಲ್ಕು ಹೆಜ್ಜೆ ದೂರದಲ್ಲಿ ಟೈಪ್ ಮಾಡಿದ್ದೆ. ಅದನ್ನು ಹಾಗೇ ಬಿಟ್ಟು, ಉತ್ತರಪತ್ರಿಕೆಯನ್ನು ನನ್ನ ಕೈಗೆ ಕೊಟ್ಟು ಹೋದಳು.

ನನ್ನ ಸ್ವಭಾವ ಪೂರ್ತಿ ಹೋಗಿಲ್ಲ, ಬೀಗವನ್ನು ಈಗಲೂ ಜಗ್ಗುತ್ತೇನೆ. ಆದರೆ ಆ ಟವೆಲ್ ನೆನಪಾದಾಗಲೆಲ್ಲ ನಾಚಿಕೆಯಿಂದ ಹಿಡಿಯಷ್ಟಾಗುತ್ತೇನೆ.