ಸೋಮಲಿಂಗಪ್ಪನವರ ಸಾಮ್ರಾಜ್ಯಕ್ಕೆ ನುಗ್ಗಿದ ಕಳ್ಳ

ಅಮೆರಿಕದ ಕ್ಯಾರಿ ಎಂಬ ಊರಿನ ನಮ್ಮ ಆಫೀಸಿನಲ್ಲಿ ಸರ್ವರ್ ಸಾಮ್ರಾಜ್ಯದ ಚಕ್ರವರ್ತಿ ಎಂದರೆ ತುಮಕೂರಿನ ಸೋಮಲಿಂಗಪ್ಪನವರು. ಸರ್ವರ್ ಮಲಗಿತೆಂಬ ಸುದ್ದಿ ಬಂದರೆ ಸಾಕು, ಮೊಸರನ್ನದ ಡಬ್ಬಿಯನ್ನು ಅರ್ಧಕ್ಕೇ ಮುಚ್ಚಿ ಯುದ್ಧಕ್ಕೆ ಹೊರಡುತ್ತಿದ್ದರು. ಆಯುಧ, ಕೋಡ್ ಬರೆಯುವ ಅವರ ಟೂಲು. ಸರ್ವರನ್ನು ನಿಲ್ಲಿಸುವುದೂ ಎಬ್ಬಿಸುವುದೂ ಅದರಿಂದಲೇ.

2006ರಲ್ಲಿ ಈ ಸಾಮ್ರಾಜ್ಯಕ್ಕೆ ಕಳ್ಳ ನುಗ್ಗಿದ. ಟೆಸ್ಟ್ ಸರ್ವರಿನ ಸೆಟ್ಟಿಂಗ್ ಫೈಲನ್ನು ಇವರು ತಿದ್ದುವುದು, ಮರುದಿನ ಅದು ಹಳೆಯ ರೂಪಕ್ಕೇ ಮರಳಿರುವುದು. ಪಾಸ್‌ವರ್ಡ್ ಇದ್ದದ್ದು ಇವರನ್ನು ಬಿಟ್ಟರೆ ಮೈಸೂರಿನಿಂದ ಹೊಸದಾಗಿ ಬಂದ ಅಲಮೇಲುವಿಗೆ ಮಾತ್ರ. ಅವಳು ದಿನವೂ ಆಫೀಸಿಗೆ ಬರುತ್ತಿದ್ದುದು ಸೋಮಲಿಂಗಪ್ಪನವರ ಕಾರಿನ ಮುಂದಿನ ಸೀಟಿನಲ್ಲಿ. ಬುಧವಾರದ ಡ್ರೈವಿಂಗ್ ಟೆಸ್ಟಿಗೂ ಅದೇ ಕಾರು ಕೊಡುವುದೆಂದು ಮಾತಾಗಿತ್ತು. ಅವಳ ಕಾಂಟ್ರಾಕ್ಟ್ ಮುಂದುವರಿಯುವುದೋ ಇಲ್ಲವೋ ಶುಕ್ರವಾರ ತೀರ್ಮಾನವಾಗಬೇಕಿತ್ತು.

ಸೋಮವಾರದ ಮೀಟಿಂಗಿನಲ್ಲಿ, ಮ್ಯಾನೇಜರ್ ಎದುರಿಗೇ, ಕಳ್ಳಿ ಅಲಮೇಲುವೇ ಎಂದು ಚಕ್ರವರ್ತಿಗಳು ತೀರ್ಪು ಕೊಟ್ಟರು.

ಹೊರಗೆ ಬಂದು ಅವಳು, "ಆ ಫೈಲ್ ನಾನು ಓಪನ್ನೂ ಮಾಡಿಲ್ಲ ಅಂಕಲ್," ಎಂದಳು.

"ಹಾಗಾದ್ರೆ ಫೈಲಿಗೆ ದೆವ್ವ ಹಿಡಿದಿದ್ಯಾ? ಬುಧವಾರ ಕಾರು ಸಿಗಲ್ಲ, ಬೇರೆ ನೋಡ್ಕೊ."

ಮಂಗಳವಾರ ಪಾಸ್‌ವರ್ಡನ್ನೂ ಬದಲಿಸಿದರು. ಬುಧವಾರ ಅಲಮೇಲು ರಜೆ ಹಾಕಿ, ನೆರೆಯವರ ವ್ಯಾನು ಕೇಳಿಕೊಂಡು ಟೆಸ್ಟಿಗೆ ಹೋದಳು. ಇತ್ತ ಇವರು ಫೈಲ್ ತಿದ್ದಿ, ಟೂಲಿನಲ್ಲಿ ಸ್ಟಾರ್ಟ್ ಒತ್ತಿದರು. ಕಣ್ಣೆದುರಿಗೇ ಫೈಲು ಹಳೆಯದಾಯಿತು. ಟೂಲು ಮೊದಲ ದಿನವೇ ಆ ಫೈಲಿನದೊಂದು ನಕಲು ಮಾಡಿಟ್ಟುಕೊಂಡು, ಪ್ರತಿ ಸಲ ಸರ್ವರ್ ಎಬ್ಬಿಸುವಾಗ ಅಸಲಿನ ಮೇಲೆ ಅದನ್ನೇ ಹಾಕುತ್ತಿತ್ತು, ಒಂದು ಮಾತೂ ಕೇಳದೆ. ಅಸಲನ್ನು ಯಾರಾದರೂ ಕೈಯಾರೆ ತಿದ್ದಿಯಾರೆಂಬುದು ಟೂಲನ್ನು ಕಟ್ಟಿದ ಕಂಪನಿಯವರಿಗೆ ಹೊಳೆದೇ ಇರಲಿಲ್ಲ.

ಪಕ್ಕದ ಕ್ಯುಬಿಕಲ್ ನನ್ನದು. ಸೋಮಲಿಂಗಪ್ಪನವರ ಕಿವಿಗಳು ಕೆಂಪಾಗಿದ್ದವು.

"ಟೂಲಿನ ಡಿಸೈನೇ ಸರಿ ಇಲ್ಲ ಕಣ್ರೀ," ಎಂದರು.

"ನಿಜ. ಮೀಟಿಂಗಲ್ಲಿ ಅವಳ ಹೆಸರು ಹೇಳಿದ್ದೂ ಟೂಲೇನಾ?" ಎಂದೆ.

ಸಂಜೆ ಅಲಮೇಲುವಿನ ಅಪಾರ್ಟ್‌ಮೆಂಟಿನ ಬಾಗಿಲಲ್ಲಿ ನಿಂತು, "ತಪ್ಪಾಯ್ತಮ್ಮ," ಎಂದರಂತೆ.

"ನನಗೆ ಹೇಳಿ ಏನುಪಯೋಗ ಅಂಕಲ್? ಎಲ್ಲಿ ಹೇಳಿದ್ರೋ ಅಲ್ಲೇ ಹೇಳಿ."

ಗುರುವಾರ ಹೇಳಿದರು. ದನಿ ಎಷ್ಟು ಇಳಿದಿತ್ತೆಂದರೆ, ಕೇಳಿಸಲಿಲ್ಲವೆಂದು ಮ್ಯಾನೇಜರ್ ಇನ್ನೊಮ್ಮೆ ಹೇಳಿಸಿದರು. ಶುಕ್ರವಾರ ಕಾಂಟ್ರಾಕ್ಟ್ ಮುಂದುವರಿಯಿತು. ಟೆಸ್ಟು ಮಾತ್ರ, ಆ ದೊಡ್ಡ ವ್ಯಾನು ಇಕ್ಕಟ್ಟಿನಲ್ಲಿ ತಿರುಗದೆ, ಫೇಲಾಗಿತ್ತು.

ಹಾಗಾಗಿ ಮುಂದಿನ ಸೋಮವಾರ ಅವಳು ಮತ್ತೆ ಅದೇ ಕಾರಿಗೆ ಬಂದಳು. ಹಿಂದಿನ ಬಾಗಿಲು ತೆಗೆದು ಕೂತಳು.

"ಮುಂದೆ ಬಾರಮ್ಮ."

"ಪರವಾಗಿಲ್ಲ ಅಂಕಲ್. ಡ್ರೈವ್ ಮಾಡಿ."

ಚಕ್ರವರ್ತಿಗಳು ಡ್ರೈವ್ ಮಾಡಿದರು. ಆಫೀಸು ಬರುವವರೆಗೂ ಕನ್ನಡಿಯತ್ತ ಕಣ್ಣೆತ್ತಲಿಲ್ಲ.