ಮಣ್ಣು ಮೆತ್ತಿದ ಮೇಲಿನ ಅಳತೆ

ಮಕ್ತುಮಸಾಬರ ಬಗ್ಗೆ ಬರೆಯಲು ಕುಳಿತರೆ ಮೊದಲು ನನ್ನ ತಲೆಯೇ ತಗ್ಗುತ್ತದೆ. ತಪ್ಪು ಅವರದು, ಖರೆ. ಆದರೆ ಅದು ನಡೆದದ್ದು ನನ್ನೂರು ಮುಗದದಲ್ಲಿ, ನನ್ನದೇ ಹೊಲದಲ್ಲಿ, ಮತ್ತು ಅವತ್ತು ನಕ್ಕವರಲ್ಲಿ ನಾನೂ ಒಬ್ಬ.

ತಾರಿಹಾಳದಲ್ಲಿ ಸಾಬರದು ಸಣ್ಣ ವೆಲ್ಡಿಂಗ್ ಶೆಡ್ಡು. ಮೂವತ್ತು ವರ್ಷದಿಂದ ಕುಂಟೆ, ಕೂರಿಗೆ ಮಾಡಿಕೊಟ್ಟ ಕೈ. "ನನ್ನ ಟೇಪ್ ಸುಳ್ಳು ಹೇಳೂದಿಲ್ರಿ" ಎಂದು ದಿನಕ್ಕೆ ಹತ್ತು ಸಲ ಹೇಳುವ ಮನುಷ್ಯ. ಎರಡು ವರ್ಷದ ಹಿಂದೆ ಭತ್ತದ ಹೊಲಕ್ಕೆ ಕಳೆ ತೆಗೆಯುವ ಯಂತ್ರ ಮಾಡಿದರು. ಮುಂದೆ ಹಲ್ಲಿನ ಗಾಲಿ, ಮೇಲೆ ಸಣ್ಣ ಎಂಜಿನ್, ಹಿಂದೆ ಹಿಡಿಕೆ. ಕೂರಿಗೆಯಲ್ಲಿ ಬಿತ್ತಿದ ನಮ್ಮ ಭತ್ತದ ಸಾಲುಗಳ ನಡುವೆ ಒಂಬತ್ತು ಇಂಚು, ಗಾಲಿಯ ಅಗಲ ಆರು. ಶೆಡ್ಡಿನ ಹಿಂದಿನ, ಹರಳುಗಲ್ಲು ಬೆರೆತ ಗರಸಿನ ನೆಲಕ್ಕೆ ಪೈಪಿನಿಂದ ನೀರು ಬಿಟ್ಟು ನಡೆಸಿ ನೋಡಿದರು. ಎಲ್ಲೂ ತಡೆಯದೆ ಓಡಿತು.

ನಮ್ಮ ಹೊಲಕ್ಕೆ ತಂದ ದಿನ ನೋಡಲು ಊರೇ ನೆರೆದಿತ್ತು. ನಡೆಸಲು ಯಂಕವ್ವನನ್ನು ಕರೆದೆವು. ಕಳೆ ತೆಗೆಯುವ ಹೆಣ್ಣಾಳುಗಳಿಗೆ ಅವಳೇ ಮುಂದಾಳು. ಅವಳು ಸಾಲು ಹಿಡಿದರೆ ಭತ್ತದ ಒಂದು ಬುಡವೂ ಅಲುಗದು ಎಂದು ಹೆಸರು. ಆ ಹೆಸರಿನಿಂದಲೇ ಅವಳ ಗುಂಪಿಗೆ ಕೆಲಸ ಸಿಗುತ್ತಿತ್ತು.

ಯಂಕವ್ವ ಕುಕ್ಕರುಗಾಲಲ್ಲಿ ಕುಳಿತು ಒಂದು ಹಿಡಿ ಮಣ್ಣು ಹಿಸುಕಿದಳು. "ಸಾಬರ, ನಮ್ಮ ಮಣ್ಣು ಜಿಗಟ ಐತ್ರಿ. ಗಾಲಿಗೆ ಮೆತ್ತಂಗಿಲ್ಲೇನ್ರಿ? ಭತ್ತಕ್ಕ ತಿಂಗಳ ಮ್ಯಾಲಾತು, ಬೇರೂ ಹಾಸ್ಯಾವು."

"ಎಲ್ಲಾ ಅಳದ ಮಾಡೇನ್ರಿ ಅಕ್ಕಾರ. ನೀವು ನೀಟ ಹಿಡದು ನಡೀರಿ, ಅಷ್ಟ ಸಾಕು."

ನಾಲ್ಕು ಮಾರು ಹೋಗುವಷ್ಟರಲ್ಲಿ ಯಂತ್ರ ಎಳೆದಾಡತೊಡಗಿತು. ಎರಡೂ ಬದಿಯ ಭತ್ತ ಬೇರು ಸಮೇತ ಕಿತ್ತು ಬಂತು. ಅಷ್ಟು ಜನರೆದುರು ಸಾಬರ ಮುಖ ಕೆಂಪಾಯಿತು.

"ಯಂತ್ರ ಛಲೋ ಐತ್ರಿ. ಇವರಿಗೆ ಹಿಡ್ಯಾಕ ಬರೂದಿಲ್ಲ," ಎಂದುಬಿಟ್ಟರು.

ನಾವು ನಕ್ಕೆವು. ಯಂಕವ್ವ ಕಿತ್ತ ಸಸಿಗಳನ್ನೆಲ್ಲ ಆರಿಸಿ ಬದುವಿನ ಮೇಲಿಟ್ಟು, ಯಾರ ಮುಖವನ್ನೂ ನೋಡದೆ ಮನೆಗೆ ಹೋದಳು.

ಶೆಡ್ಡಿಗೆ ಮರಳಿ, ಯಂತ್ರ ತೊಳೆಯುವ ಮುನ್ನ ಸಾಬರು ಗಾಲಿಗೆ ಟೇಪ್ ಹಿಡಿದರಂತೆ. ಹಲ್ಲುಗಳ ನಡುವೆ, ಬದಿಗಳಲ್ಲಿ ಜಿಗಟು ಮಣ್ಣು ಬೇರಿನೊಂದಿಗೆ ಸುತ್ತಿಕೊಂಡು ಆರಿಂಚಿನ ಗಾಲಿ ಒಂಬತ್ತರ ಹತ್ತಿರ ಬಂದಿತ್ತು. "ಭೂಮಿ ಬಾಯಿ ಬಿಟ್ರ ಒಳಗ ಹೋಗಬೇಕು ಅನಸ್ತರಿ," ಎಂದು ಆಮೇಲೆ ನನಗೆ ಹೇಳಿದರು.

ಅಷ್ಟರಲ್ಲಿ ಊರಲ್ಲಿ ಮಾತು ಹಬ್ಬಿತ್ತು. ಯಂಕವ್ವನ ಕೈಹಿಡಿತ ತಪ್ಪಿದೆ ಎಂದು ಇಬ್ಬರು ರೈತರು ಕಳೆಗೆ ಬೇರೆ ಗುಂಪನ್ನು ಕರೆದರು. ನಾನು ಬಾಯಿ ಬಿಡಲಿಲ್ಲ.

ವಾರ ಕಳೆದು ಸಾಬರು ಬಂದರು. ನನ್ನನ್ನು ಜೊತೆಗೆ ಕರೆದುಕೊಂಡು ಯಂಕವ್ವನ ಅಂಗಳಕ್ಕೆ ಹೋಗಿ ಕೈ ಮುಗಿದರು. "ತಪ್ಪು ನಂದರಿ ಅಕ್ಕಾರ. ನಿಮ್ಮ ಮಣ್ಣು ನೋಡ್ಲಿಲ್ಲ, ಬೆಳಿ ನೋಡ್ಲಿಲ್ಲ."

ಯಂಕವ್ವ ಇಬ್ಬರಿಗೂ ಚಹಾ ಕೊಟ್ಟಳು. ಖಾಲಿ ಕಪ್ಪು ಇಸಿದುಕೊಳ್ಳುವಾಗ ಮೆಲ್ಲಗೆ ಅಂದಳು: "ಅವತ್ತು ಊರ ಮಂದಿ ಮುಂದ ಅಂದ್ರಿ. ಇವತ್ತು ನನ್ನ ಅಂಗಳದಾಗ ಬಂದು ಹೇಳಾಕತ್ತೀರಿ."

ಸಾಬರು ನೆಲ ನೋಡಿದರು. ನಾನೂ ನೋಡಿದೆ.

ಈಗಿನ ಯಂತ್ರಕ್ಕೆ ಗಾಲಿ ನಾಲ್ಕೂವರೆ ಇಂಚು, ಮಣ್ಣು ಕೆರೆದು ಬೀಳಿಸುವ ಪಟ್ಟಿ ಬೇರೆ. ಯಾವ ಊರಿಗೆ ಹೋದರೂ ಸಾಬರು ಮೊದಲು ಮಣ್ಣು ಹಿಸುಕುತ್ತಾರೆ, ಭತ್ತಕ್ಕೆ ಎಷ್ಟು ದಿನವಾಯಿತೆಂದು ಕೇಳುತ್ತಾರೆ. ಆಮೇಲೆ ನೆರೆದವರಿಗೆಲ್ಲ ಕೇಳುವಂತೆ, "ಇದನ್ನ ಕಲಿಸಿದಾಕಿ ಮುಗದದ ಯಂಕವ್ವ. ಅಕಿ ಮ್ಯಾಲೆ ನಾ ಸುಳ್ಳು ಹೊರಿಸಿದ್ದೆ," ಎನ್ನುತ್ತಾರೆ. ಕಲಘಟಗಿ ಕಡೆ ಹೇಳಿದರು, ಅಳ್ನಾವರದಲ್ಲೂ ಹೇಳಿದರು.

ಮುಗದದಲ್ಲಿ, ಊರ ಮಂದಿ ಸೇರುವ ಕಟ್ಟೆಯ ಮೇಲೆ ಮಾತ್ರ ಸಾಬರು ಇನ್ನೂ ಹೇಳಿಲ್ಲ. ದಿನಾ ಸಂಜೆ ಅದೇ ಕಟ್ಟೆಯ ಮೇಲೆ ಕೂರುವ ನಾನೂ ಹೇಳಿಲ್ಲ. ಯಂಕವ್ವ ಎದುರಿನಿಂದ ಹಾದು ಹೋಗುವಾಗ ಪೇಪರ್ ಎತ್ತಿ ಮುಖಕ್ಕೆ ಅಡ್ಡ ಹಿಡಿಯುತ್ತೇನೆ.