ಇಲ್ಲದ ಬ್ರೇಕು

ಹೋದ ವಾರ ಕೊರಟಗೆರೆಯಿಂದ ಮಧುಗಿರಿಗೆ ಮರಳುವಾಗ ಬಸ್ಸಿನಲ್ಲಿ ಡ್ರೈವರನ ಹಿಂದಿನ ಸೀಟೇ ಸಿಕ್ಕಿತು. ಇದ್ದಿಲಿನಿಂದ ಓಡುತ್ತಿದ್ದ ಬಸ್ಸು ಹೋಗಿ ಡೀಸೆಲ್ ಬಸ್ಸು ಬಂದರೂ ನನ್ನ ಬಲಗಾಲಿನ ಭ್ರಾಂತಿ ಮಾತ್ರ ಹೋಗಿಲ್ಲ. ಎದುರಿಗೆ ಎಮ್ಮೆ ಕಂಡರೆ ಡ್ರೈವರನಿಗಿಂತ ಮೊದಲು ಅದು ಬ್ರೇಕು ಒತ್ತುತ್ತದೆ. ಎತ್ತಿನ ಗಾಡಿ ಹೊಡೆಯಲೂ ಬಾರದ ನನ್ನಂಥ ಸಂಸ್ಕೃತ ಮೇಷ್ಟರ ಕಾಲಡಿ ಇರುವುದು ಬರೀ ತಗಡು ಎಂಬುದು ತಲೆಗೆ ಗೊತ್ತು, ಕಾಲಿಗೆ ಗೊತ್ತಿಲ್ಲ. ಅಂದೂ ಅದು ಹಾಗೇ ಒತ್ತಿದ್ದನ್ನು ಕಂಡು, ಪಕ್ಕದಲ್ಲಿದ್ದ ಶಿರಾದ ಅತ್ತರು ಮಾರುವ ಸಾಬರು ನಕ್ಕು, "ಕಾಲು ಸುಮ್ಕೆ ಮಡಿಕ್ಕಳಿ ಸ್ವಾಮಿ, ಅವ್ನು ಓಡಿಸ್ತಾನೆ," ಎಂದರು. ಮೈಯೆಲ್ಲ ಉರಿದುಹೋಯಿತು. ಸಿಟ್ಟು ಆ ಸಾಧು ಮನುಷ್ಯನ ಮೇಲಲ್ಲ.

ಈ ಸುಮ್ಮನಿರಿಸುವ ಚಟದ ಮೇಲೆ. ಹುಣಸೆಹಣ್ಣು ಎಂದು ಓದಿದೊಡನೆ, ವಾಚಕ ಮಹಾಶಯರೇ, ನಿಮ್ಮ ಬಾಯಲ್ಲಿ ನೀರೂರಲಿಲ್ಲವೆ? ತಿನ್ನದೆಯೇ ತಿಂದಿರಿ. ಮನಸ್ಸು ಯಾವ ಕೆಲಸವನ್ನೂ ಹೊರಗೆ ಮಾಡುವ ಮುನ್ನ ಒಳಗೊಳಗೇ ಒಮ್ಮೆ ಮಾಡಿ ನೋಡುತ್ತದೆ. ಆ ತಾಲೀಮಿಗೇ ನಾವು ಯೋಚನೆ ಎಂಬ ಗಂಭೀರ ನಾಮಧೇಯ ಕೊಟ್ಟು, ಅದು ತಲೆಯೊಳಗಿನ ಗರ್ಭಗುಡಿಯಲ್ಲಿ ನಿಶ್ಚಲವಾಗಿ ಕೂತಿದೆಯೆಂದು ನಂಬಿದ್ದೇವೆ.

ನನ್ನ ಅಕ್ಕ ಯೋಚಿಸುತ್ತಿದ್ದುದು ಬೆರಳಿನಲ್ಲಿ. ನಾಳೆಯ ರಂಗೋಲಿಯನ್ನು ಇಂದೇ ಮಡಿಲ ಮೇಲೆ ಬರಿಬೆರಳಿನಿಂದ ಎಳೆದು, ತಪ್ಪಿದರೆ ಅಳಿಸಿ, ಮತ್ತೆ ಎಳೆಯುತ್ತಿದ್ದಳು. ಬೆಳಗ್ಗೆ ಮಿಡಿಗೇಶಿಯ ನಮ್ಮ ಬಾಗಿಲಲ್ಲಿ ಒಂದು ಎಳೆಯೂ ತಪ್ಪುತ್ತಿರಲಿಲ್ಲ. ಹೆಣ್ಣು ನೋಡಲು ಬಂದ ಮೊದಲ ಗಂಡಿನವರು, "ತೊಟ್ಟಿಲ ರಂಗೋಲಿ ಹೆಂಗೆ ಹಾಕ್ತೀಯಮ್ಮ?" ಎಂದಾಗ ಅವಳ ಬೆರಳು ಎಂದಿನಂತೆ ಮಡಿಲ ಮೇಲೆ ಓಡಿತು. ಗಂಡಿನ ಸೋದರಮಾವ ಎಂಬ ಮಹಾಮೇಧಾವಿ ಅದನ್ನು ನೋಡಿ, "ಹುಡ್ಗಿಗೆ ನರದ ಕಾಯ್ಲೆ ಕಣಪ್ಪ," ಎಂದು ತೀರ್ಪಿತ್ತು, ನಮ್ಮ ಉಪ್ಪಿಟ್ಟು ಪೂರ್ತಿ ತಿಂದು ಎದ್ದ.

ಆಮೇಲೆ ಕೊರಟಗೆರೆಯ ಗಂಡಿನವರು ಬಂದಾಗ ಅಮ್ಮ ಹೆದರಿದ್ದಳು. "ಕೈ ಸೆರಗಿನೊಳಗೆ ಗಟ್ಟಿಯಾಗಿ ಇಡ್ಕಂಡು ಕೂತ್ಕೊ. ಬೆರಳು ಅಲ್ಲಾಡ್ಬಾರ್ದು," ಎಂದಳು. ಅಕ್ಕ ಹಾಗೇ ಕೂತಳು. ಅವರೂ ರಂಗೋಲಿಯ ಮಾತೆತ್ತಿದರು. ನೂರಾರು ರಂಗೋಲಿ ಬಲ್ಲವಳಿಗೆ ಒಂದೂ ಹೊಳೆಯಲಿಲ್ಲ. ಕಣ್ಣಲ್ಲಿ ನೀರು ತುಂಬಿ ತಲೆ ತಗ್ಗಿಸಿದಳು. ಅದನ್ನು ನೋಡಿ ಗಂಡಿನ ತಾಯಿ, "ಮಾತು ಕಮ್ಮಿ, ಒಳ್ಳೆ ಹುಡ್ಗಿ. ನಮ್ಗೆ ಒಪ್ಗೆ," ಎಂದರು. ಯೋಚಿಸುವವಳು ರೋಗಿಷ್ಠೆಯಾದಳು, ಯೋಚನೆ ಕಟ್ಟಿಹಾಕಿಸಿಕೊಂಡವಳು ಸುಶೀಲೆಯಾದಳು. ಇಂಥ ಪರೀಕ್ಷೆ ನಡೆಸಿದವರಿಗೆ ಹೋಳಿಗೆ ಬಡಿಸಿದ ಮನೆ ನಮ್ಮದು ಎಂದು ನೆನೆದರೆ ಇಂದಿಗೂ ಹೊಟ್ಟೆ ಉರಿಯುತ್ತದೆ.

ಹೋದ ವಾರ ನಾನು ಹೋಗಿದ್ದುದು ಆ ಅಕ್ಕನ ಮನೆಗೇ. ನನ್ನ ಮಗಳು ರಂಗೋಲಿ ಕಲಿಯುತ್ತಿದ್ದಾಳೆ, ಅವಳಿಗೆ ಹೇಳಿಕೊಡಲೆಂದು, "ತೊಟ್ಟಿಲು ಹೆಂಗಕ್ಕಾ ಬಿಡಿಸ್ತಿದ್ದೆ?" ಎಂದೆ.

"ಮರ್ತೇ ಹೋಯ್ತು ಕಣ್ಲಾ. ಈಗ ಏನೂ ತೋಚಾಕಿಲ್ಲ."

"ಕೈ ಈಚೆಗೆ ತೆಗೆಯಕ್ಕಾ, ತೋಚ್ತದೆ."

ಅವಳು ಅತ್ತೆ ಕೂತಿದ್ದ ನಡುಮನೆಯ ಕಡೆ ನೋಡಿದಳು. ಕೈ ಸೆರಗಿನೊಳಗೇ ಉಳಿಯಿತು.

ಬಸ್ಸಿನಲ್ಲಿ ಸಾಬರು ಇನ್ನೂ ನಗುತ್ತಿದ್ದರು. ಮುಂದಿನ ತಿರುವಿನಲ್ಲಿ ಮತ್ತೊಂದು ಎಮ್ಮೆ ಅಡ್ಡ ಬಂತು. ಈ ಸಲ ಕಾಲು ತಾನಾಗಿ ಒತ್ತುವವರೆಗೂ ಕಾಯದೆ, ಎರಡೂ ಕಾಲಿನಿಂದ, ತಗಡು ಸದ್ದಾಗುವಂತೆ ನಾನೇ ಒತ್ತಿದೆ.